ಕಾಲಿಗೆ ಗುರ್ತಿಲ್ಲದ ದನಿ

ಐರಣಿ ಊರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿ ಅದು ನನ್ನ ಮೊದಲ ವಾರ. ದಾರಿಯಲ್ಲಿ ಅಜ್ಜಿಯೊಬ್ಬಳ ಚೀಲ ಇಳಿಸಿಕೊಡಲು ಕೆಳಗಿಳಿದಿದ್ದೆ. ಒಳಗಿನಿಂದ ಯಾರೋ ‘ರೈಟ್!’ ಎಂದರು. ಬಸ್ಸು ನನ್ನನ್ನು ಬಿಟ್ಟು ಹೊರಟೇಬಿಟ್ಟಿತು.

ಕೂಗುತ್ತಾ ಓಡಿದೆ, ಸ್ವಲ್ಪ ದೂರದಲ್ಲಿ ನಿಂತಿತು. ಹತ್ತಿದಾಗ ಬಾಗಿಲ ಬಳಿಯ ಸೀಟಿನಲ್ಲಿದ್ದ ಹಿರಿಯರೊಬ್ಬರು ಕೈಮುಗಿದರು. ಹೋದ ತಿಂಗಳಷ್ಟೇ ಇದೇ ಬಸ್ಸಿನಿಂದ ನಿವೃತ್ತರಾದ ಕಂಡಕ್ಟರಂತೆ.

“ತಪ್ಪಾತವಾ ತಂಗಿ. ಅಜ್ಜಿ ಇಳಿದ ಕೂಡ್ಲೇ ‘ರೈಟ್’ ಅಂತ ಬಾಯಾಗ ಬಂದುಬಿಡ್ತು.”

“ನೀವಾದ್ರೂ ತಿರುಗಿ ನೋಡಬಾರದೇನ್ರಿ?” ಎಂದು ಡ್ರೈವರನ್ನು ಕೇಳಿದೆ.

“ಹನ್ನೆರಡು ವರ್ಷ ಇವರ ದನಿಗೇ ಗಾಡಿ ಬಿಟ್ಟೇನಿ. ನಿಮ್ಮ ದನಿ ನನ್ನ ಕಾಲಿಗೆ ಇನ್ನೂ ಗುರ್ತಿಲ್ಲ ಮೇಡಂ.”

ಸಿಟ್ಟಿನಲ್ಲೇ ‘ರೈಟ್’ ಎಂದೆ. ಡ್ರೈವರ್ ಕನ್ನಡಿಯಲ್ಲಿ ಹಿರಿಯರ ಮುಖ ನೋಡಿದರು. ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ನನ್ನನ್ನು ತೋರಿಸಿದರು. ಆಮೇಲೆಯೇ ಬಸ್ಸು ಹೊರಟಿತು.