ತುಟಿಗಳ ಮೇಲಿನ ಕಣ್ಣು

ಹೋಟೆಲಿನ ಗೋಡೆಗಳ ಮೇಲಿನ ನಿಷೇಧಗಳನ್ನು ಓದುತ್ತ ತಿಂಡಿಗೆ ಕಾಯುವುದು ನನ್ನ ಹಳೆಯ ಚಟ. ತಟ್ಟೆಯಲ್ಲಿ ಕೈ ತೊಳೆಯಬಾರದು, ಕನ್ನಡಿಯ ಮುಂದೆ ತಲೆ ಬಾಚಬಾರದು ಎಂಬಂಥ ನಿರುಪದ್ರವಿ ಆಜ್ಞೆಗಳ ನಡುವೆ ಯಶವಂತಪುರದ ನಮ್ಮ ಹೋಟೆಲಿನಲ್ಲಿ ಒಂದು ಸಂಜೆ ಹೊಸ ಬೋರ್ಡು ಕಾಣಿಸಿಕೊಂಡಿತು: ‘ರಾಜಕಿಯ ಮಾತನಾಡಬಾರದು.’ ತುರ್ತುಪರಿಸ್ಥಿತಿ ಬಂದು ಕೆಲವು ತಿಂಗಳಾಗಿತ್ತು. ಕನ್ನಡ ಮೇಷ್ಟ್ರಾದ ನನಗೆ ಆ ಹ್ರಸ್ವ ‘ಕಿ’ ಹಲ್ಲಿಗೆ ಸಿಕ್ಕ ಕಲ್ಲಿನಂತೆ ಬಾಧಿಸಿತಾದರೂ, ದೀರ್ಘ ಎಳೆಯಲು ಹೋದರೆ ಅದೂ ರಾಜಕೀಯವಾದೀತೆಂದು ಹೆದರಿ ತೆಪ್ಪಗೆ ಕೂತೆ.

ಕಾಲೇಜು ಮುಗಿಸಿ ಬರುವ ನಾನು, ಕಾರ್ಖಾನೆಯಿಂದ ಬರುವ ಮೂರು ನಾಲ್ಕು ಮಂದಿ ಗೆಳೆಯರು ದಿನವೂ ಅಲ್ಲಿ ಸೇರುತ್ತಿದ್ದೆವು. ಹುಬ್ಬಳ್ಳಿ ಕಡೆಯ ಬಸವರಾಜ ನಮ್ಮೊಳಗಿನ ಮಾತುಗಾರ. ಬೋರ್ಡು ಬಂದ ಮರುದಿನವೇ, “ಉಪ್ಪಿಟ್ಟಿನಾಗ ಉಪ್ಪಿಲ್ಲ ಅಂದ್ರ ಅದು ರಾಜಕೀಯ ಆಗ್ತದೇನ್ರಿ?” ಎಂದು ಮಾಲೀಕರನ್ನೇ ಕೇಳಿದವನು. ಎಲ್ಲರೂ ನಕ್ಕೆವು. ಮೂಲೆಯ ಮೇಜಿನಲ್ಲಿದ್ದ ಒಬ್ಬರು ಮಾತ್ರ ನಗಲಿಲ್ಲ.

ಅವರು ಗೌಸ್ ಸಾಹೇಬರು. ಹತ್ತಿರದ ಟಿಂಬರ್ ಡಿಪೋದ ಕಾವಲುಗಾರರು, ಅರವತ್ತರ ಆಸುಪಾಸು, ತಲೆಗೆ ಸದಾ ಪೇಟ. ಒಬ್ಬರೇ ಬಂದು, ಯಾವಾಗಲೂ ನನಗೆ ಎದುರಾಗುವ ಕುರ್ಚಿಯನ್ನೇ ಹುಡುಕಿ ಕೂತು, ಟೀ ಕುಡಿಯುತ್ತ ನಮ್ಮನ್ನೇ ನೋಡುವರು. ನೋಟವಾದರೂ ಎಂಥದು? ಕಣ್ಣಿಗೆ ಕಣ್ಣು ಕೊಡುವ ನೋಟವಲ್ಲ. ಅದಕ್ಕಿಂತ ಒಂದೆರಡು ಅಂಗುಲ ಕೆಳಗೆ, ನೇರ ಬಾಯಿಯ ಮೇಲೆ. ನಾನು ತುತ್ತು ನುಂಗಿದರೆ ಅವರ ಕಣ್ಣು ಕಾಯುತ್ತಿತ್ತು. ಮಾತಾಡಿದರೆ ಸಣ್ಣಗೆ ಹೊಳೆಯುತ್ತಿತ್ತು.

ಒಂದು ಸೋಮವಾರ ಬಸವರಾಜ ಬರಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರಂತೆ ಎಂದು ತಿಳಿದದ್ದು ಗುರುವಾರ. ಅಂದಿನಿಂದ ನಮ್ಮ ಮೇಜು ಹವಾಮಾನವನ್ನಲ್ಲದೆ ಬೇರೇನನ್ನೂ ಚರ್ಚಿಸಲಿಲ್ಲ. ಆ ನೋಟ ನನ್ನೊಂದಿಗೆ ಮನೆಗೂ ಬರತೊಡಗಿತು. ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನನ್ನ ತುಟಿಯನ್ನು ಬೇರೆ ಯಾರೋ ನೋಡುತ್ತಿರುವಂತೆ ಅನಿಸುತ್ತಿತ್ತು. ತರಗತಿಯಲ್ಲಿ ಹಳಗನ್ನಡ ಪಾಠ ಹೇಳುತ್ತಲೇ ಬಾಯಿಗೆ ಅಂಗೈ ಅಡ್ಡ ಹಿಡಿದಿರುತ್ತಿದ್ದೆ. “ಹಲ್ಲು ನೋವಾ ಸಾರ್?” ಎಂದು ಹುಡುಗಿಯೊಬ್ಬಳು ಕೇಳಿದ್ದಳು.

ಕಡೆಗೊಂದು ದಿನ ತುರ್ತುಪರಿಸ್ಥಿತಿ ಹೋಯಿತು. ಮಾಲೀಕರು ಬೋರ್ಡು ಇಳಿಸಿದರು; ಗೋಡೆಯ ಮೇಲೆ ಚೌಕಾಕಾರದ ಬಿಳುಪು ಉಳಿಯಿತು. ಆ ಸಂಜೆ ನಾವು ಮಾತಾಡಿದ್ದೇ ಮಾತಾಡಿದ್ದು! ವಾಕ್‌ಸ್ವಾತಂತ್ರ್ಯದ ಮಹಿಮೆಯ ಕುರಿತು ನಾನೊಂದು ಪುಟ್ಟ ಭಾಷಣವನ್ನೇ ಬಿಗಿದೆ. ಭಾಷಣಕ್ಕೊಂದು ಪರಿಣಾಮಕಾರಿ ಮುಕ್ತಾಯ ಬೇಕಲ್ಲ? ಮೂಲೆಯತ್ತ ಹುಬ್ಬು ಹಾರಿಸಿ, ಪಕ್ಕದ ಮೇಜಿಗೂ ಕೇಳದಷ್ಟು ದನಿ ತಗ್ಗಿಸಿ, “ಬಸವರಾಜನನ್ನು ಹಿಡಿದುಕೊಟ್ಟವರು ಅಲ್ಲಿ ಕೂತಿದ್ದಾರೆ, ನೋಡಿ” ಎಂದೆ. ನನಗೆ ಗೊತ್ತಿತ್ತೇ? ಇಲ್ಲ. ಅನುಮಾನವಿತ್ತು, ಅದನ್ನು ನಿಶ್ಚಯಾರ್ಥದಲ್ಲಿ ಹೇಳಿದೆ, ಅಷ್ಟೆ.

ಹೋಟೆಲಿನ ಆಚೆ ಮೂಲೆಯಲ್ಲಿ ಗೌಸ್ ಸಾಹೇಬರ ಕೈಯ ಲೋಟ ಅರ್ಧದಲ್ಲೇ ನಿಂತಿತು. ಅದನ್ನು ಸದ್ದಾಗದಂತೆ ಕೆಳಗಿಟ್ಟು ಅವರು ಎದ್ದು ಹೋದರು.

ಅಷ್ಟು ದೂರಕ್ಕೆ ಹೇಗೆ ಕೇಳಿಸಿತು? “ಪೇಟದೊಳಗೆ ಏನೋ ಮಿಷನ್ ಇಟ್ಕೊಂಡಿದಾನೆ ಗುರು” ಎಂದ ಗೆಳೆಯನೊಬ್ಬ. ವಾರದೊಳಗೆ ಆ ಮಿಷನ್ನು ಬೀದಿಯ ಬಾಯಲ್ಲೆಲ್ಲ ಓಡಾಡಿತು. ಸಾಹೇಬರು ಒಳಗೆ ಬಂದರೆ ಇಡೀ ಹೋಟೆಲಿನ ತುಟಿಗಳು ಒಮ್ಮೆಗೇ ಮುಚ್ಚಿಕೊಳ್ಳುತ್ತಿದ್ದವು. ಅವರು ಮುಖದಿಂದ ಮುಖಕ್ಕೆ ಕಣ್ಣಾಡಿಸಿ, ಕತ್ತಲೆ ಕೋಣೆಯಲ್ಲಿ ತಡಕಾಡುವವರಂತೆ ನಿಂತು, ಹಿಂತಿರುಗುತ್ತಿದ್ದರು. ಡಿಪೋದ ಕೂಲಿಗಳು ಅವರಿದ್ದರೆ ಲಾರಿ ಇಳಿಸುವುದಿಲ್ಲ ಎಂದರಂತೆ. ಮುಂದಿನ ತಿಂಗಳು ಗೇಟಿನಲ್ಲಿ ಬೇರೆಯವರಿದ್ದರು.

ಬಿಡುಗಡೆಯಾಗಿ ಊರಿಗೆ ಹೋಗಿದ್ದ ಬಸವರಾಜ ಮಳೆಗಾಲದ ಹೊತ್ತಿಗೆ ಮರಳಿ ಬಂದ, ಕೊಂಚ ಇಳಿದುಹೋಗಿದ್ದ. ನನ್ನ ಸಂಶೋಧನೆಯನ್ನು ಕೇಳಿ ಅವನು ಲೋಟ ಕುಕ್ಕಿದ. “ಯಾರ ಹೇಳಿದ್ರು ನಿಮಗ? ನನ್ನ ಹಿಡಿದದ್ದು ಫ್ಯಾಕ್ಟರಿ ಗೇಟಿನಾಗ, ಕರಪತ್ರ ನನ್ನ ಕೈಯಾಗೇ ಇತ್ತು. ಆ ಮುದುಕ ಏನ ಮಾಡ್ಯಾನ ಪಾಪ!”

ಯಾರು ಹೇಳಿದರು ಎಂಬ ಪ್ರಶ್ನೆಗೆ ಮೇಜಿನ ಸುತ್ತ ಕೂತವರೆಲ್ಲ ನನ್ನನ್ನು ನೋಡಿದರು. ಆಡಿದ್ದು ನಾನೇ, ಅದು ಸುಳ್ಳು ಎಂದು ಅಂದಿನಿಂದ ಹೋಟೆಲಿನಲ್ಲಿ, ಡಿಪೋದಲ್ಲಿ ಸಾರಿಕೊಂಡು ಬಂದೆ. ಮೊದಲ ಮಾತನ್ನು ಪುರಾವೆ ಕೇಳದೆ ನಂಬಿದವರು ಎರಡನೆಯದಕ್ಕೆ ಕಣ್ಣು ಮಿಟುಕಿಸಿ, “ಹೆದರ್ಕೊಂಡಿದೀರ ಮೇಷ್ಟ್ರೇ, ನಮಗೆ ಅರ್ಥ ಆಗುತ್ತೆ ಬಿಡಿ” ಎಂದರು. ಮಾತಾಡುವ ಸ್ವಾತಂತ್ರ್ಯ ನನಗೆ ಧಾರಾಳವಾಗಿತ್ತು. ಆಡಿದ್ದನ್ನು ಹಿಂತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ಯಾವ ಸರ್ಕಾರವೂ ಕೊಡಲಾರದೆಂದು ಆಗ ತಿಳಿಯಿತು.

ವಿಳಾಸ ಹುಡುಕಿಕೊಂಡು ಒಂದು ಭಾನುವಾರ ಯಲಹಂಕದಲ್ಲಿ ಬಸ್ಸಿಳಿದು, ಕೋಗಿಲು ಹಳ್ಳಿಗೆ ನಡೆದು ಹೋದೆ. ಸಾಹೇಬರು ಮಗಳ ಮನೆಯಲ್ಲಿದ್ದರು. ಬಾಗಿಲು ತೆರೆದ ಮಗಳು ನನ್ನ ಮಾತಿನ ಬಗೆಯಿಂದಲೇ ಗುರುತು ಹಿಡಿದಳು. “ಮೇಷ್ಟ್ರು ನೀವೇನಾ? ನಮ್ಮ ಅಬ್ಬಾ ನಿಮ್ಮ ವಿಷಯ ತುಂಬ ಹೇಳೋರು. ಅವರಿಗೆ ಎರಡು ಕಿವೀನೂ ಕೇಳಿಸಲ್ಲ ಸಾರ್. ಬಾಯ್ಲರ್ ಕಾರ್ಖಾನೇಲಿ ಮೂವತ್ತು ವರ್ಷ ಸುತ್ತಿಗೆ ಹೊಡೆದ್ರಲ್ಲ. ಡಿಪೋದಲ್ಲಿ ಗೊತ್ತಾದ್ರೆ ಕಾವಲು ಕೆಲಸ ಹೋಗುತ್ತೇಂತ ಯಾರಿಗೂ ಹೇಳಿರಲಿಲ್ಲ. ತುಟಿ ನೋಡ್ಕೊಂಡೇ ಎಲ್ಲ ತಿಳ್ಕೊಳ್ಳೋದು.”

ಒಳಗೆ ಸಾಹೇಬರು ಚಾಪೆಯ ಮೇಲೆ ಕೂತಿದ್ದರು. ಅವರ ದನಿ ಏರಿಳಿತವಿಲ್ಲದೆ, ಎಲ್ಲೋ ದೂರದ ಕೋಣೆಯಿಂದ ಬಂದಂತಿತ್ತು. “ಎಲ್ಲರೂ ಮಾತು ಅಗೀತಾರೆ, ಏನೂ ಕಾಣಲ್ಲ. ನೀವೊಬ್ರು ಅಕ್ಷರ ಅಕ್ಷರ ಬಿಡಿಸಿ ಹೇಳ್ತಿದ್ರಿ. ಅದಕ್ಕೇ ನಿಮ್ಮೆದುರು ಕೂರ್ತಿದ್ದೆ. ಆವತ್ತೂ ಚೆನ್ನಾಗೇ ಹೇಳಿದ್ರಿ ಮೇಷ್ಟ್ರೇ. ಒಂದಕ್ಷರಾನೂ ತಪ್ಪಲಿಲ್ಲ.”

ಉಚ್ಚಾರಣೆಗೆ ಸಿಕ್ಕ ಪ್ರಶಂಸೆಗಳಲ್ಲಿ ನಾನು ಮರೆಯಲಾರದ್ದು ಅದೊಂದೇ. ತಲೆ ತಗ್ಗಿಸಿ, ಚಾಪೆಯ ಅಂಚನ್ನು ನೋಡುತ್ತ, ನನ್ನಿಂದ ದೊಡ್ಡ ತಪ್ಪಾಯಿತು ಎಂದೆ. ಉತ್ತರವಿಲ್ಲ. ಮತ್ತೆ ಹೇಳಿದೆ. ಆಗ ಅವರು ಮುಂದೆ ಬಾಗಿ, ಒರಟು ಬೆರಳೊಂದರಿಂದ ನನ್ನ ಗಲ್ಲವನ್ನು ಮೇಲಕ್ಕೆತ್ತಿದರು.

“ಮುಖ ಎತ್ತಿ ಹೇಳಿ. ನೆಲಕ್ಕೆ ಹೇಳಿದ್ರೆ ನನಗೆ ಕಾಣಲ್ಲ.”

ಕಿಟಕಿಯ ಬೆಳಕಿಗೆ ಮುಖವೊಡ್ಡಿ ಮೂರನೆಯ ಸಲ ಹೇಳಿದೆ. ಅವರು ಕೊನೆಯವರೆಗೂ ನೋಡಿದರು. ಕ್ಷಮಿಸಿದೆ ಎನ್ನಲಿಲ್ಲ, ಮಗಳಿಗೆ ಟೀ ಇಡಲು ಹೇಳಿದರು. ಟೀ ಬರುವ ತನಕ ಅವರ ಕಣ್ಣು ನನ್ನ ತುಟಿಗಳನ್ನು ಬಿಟ್ಟು ಕದಲಲಿಲ್ಲ, ಇನ್ನೂ ಏನೋ ಬರಬಹುದೆಂಬಂತೆ. ನನ್ನಲ್ಲಿ ಹೇಳಲು ಬೇರೇನೂ ಇರಲಿಲ್ಲ.