ಹೂಂ ಅನ್ನದೆ ಕಥೆ ಕೇಳಿದ್ದು

ಹೆಡ್‌ಫೋನ್ ಹಾಕಿಕೊಂಡ ನನ್ನ ಮೇಷ್ಟ್ರ ಮುಖ ಹರಳೆಣ್ಣೆ ಕುಡಿದವರ ಹಾಗಾಗಿತ್ತು. "ಯಾರಿದು? ಪ್ರತಿ ವಾಕ್ಯದ ಕೊನೆಗೂ ಯಾರೋ ನರಳುತ್ತಿದ್ದಾರಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನರಳುತ್ತಿದ್ದವಳು ನಾನೇ.

ಎರಡು ಸಾವಿರದ ದಶಕದ ಮೊದಲ ವರ್ಷಗಳವು. ಅಮೆರಿಕದಲ್ಲಿ ನಮ್ಮ ಮನೆಯಿದ್ದ ಈಸ್ಟ್‌ಗೇಟಿನಲ್ಲಿ ಬಸ್ಸು ಹತ್ತಿ, ಮರ್ಸರ್ ಐಲ್ಯಾಂಡ್ ದಾಟಿ ಸಿಯಾಟಲ್‌ಗೆ ಭಾಷಾಶಾಸ್ತ್ರ ಓದಲು ಹೋಗುತ್ತಿದ್ದೆ. ಮೇಷ್ಟ್ರದು ತುರ್ಕಿ ಬಳಗದ ಭಾಷೆಗಳ ಸಂಶೋಧನೆ. ಉಜ್ಬೆಕ್ ಆ ಬಳಗದ್ದು, ಅದರ ನೆರೆಯ ತಾಜಿಕ್ ಪಾರಸಿಯ ಕಡೆಯದು. ಉಜ್ಬೆಕಿಸ್ತಾನದ ಸಮರ್ಕಂದದ ಕಡೆ ಎರಡೂ ಒಂದೇ ಮನೆಯಲ್ಲಿ ಓಡಾಡುತ್ತವೆ. ಆ ಒಡನಾಟದಿಂದ ಉಜ್ಬೆಕ್ ಸ್ವರಗಳು ಎಷ್ಟು ಬದಲಾಗಿವೆ ಎಂದು ಅವರು ಅಳೆಯುತ್ತಿದ್ದರು. ನಾನು ಬೆಳಗಾವಿಯವಳು. ಬಾಗಿಲಲ್ಲಿ ಹಾಲಿನವನ ಜೊತೆ ಮರಾಠಿ, ಒಳಗೆ ಅವ್ವನ ಜೊತೆ ಕನ್ನಡ, ಇದೆಲ್ಲ ನನಗೆ ಹುಟ್ಟಿನಿಂದಲೇ ಗೊತ್ತು ಎಂದು ಕೊಚ್ಚಿಕೊಂಡು ಅವರ ಅಸಿಸ್ಟೆಂಟ್ ಕೆಲಸ ಗಿಟ್ಟಿಸಿದ್ದೆ. ಆ ಕೆಲಸ ಹೋದರೆ ಓದೂ ಹೋದಂತೆಯೇ.

ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದ ಸಮರ್ಕಂದದ ಅಜ್ಜಿಯೊಬ್ಬಳಿಂದ ಕಥೆ ಹೇಳಿಸಿ ರೆಕಾರ್ಡ್ ಮಾಡುವುದು ನನ್ನ ಪಾಲಿಗೆ ಬಂತು. ಅವಳಿಗೆ ಕಣ್ಣಿನ ಪೊರೆ, ನನ್ನ ಮುಖ ಬರೀ ಮಬ್ಬು. ನನಗೆ ಅವಳ ಉಜ್ಬೆಕ್ ಅಷ್ಟೇ ಮಬ್ಬು. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಕಥೆ ಎಂದರೆ ನನಗೆ ಒಂದೇ ರೂಢಿ. ನಮ್ಮಜ್ಜಿ ಹೇಳುವಾಗ ಪ್ರತಿ ಮಾತಿಗೂ ಹೂಂ ಅನ್ನಬೇಕಿತ್ತು. ಹೂಂ ನಿಂತರೆ, "ಮಕ್ಕೊಂಡಿ ಏನ?" ಎಂದು ತೊಡೆ ಚಿವುಟುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು, ಈ ಸಮರ್ಕಂದದ ಅಜ್ಜಿಯೆದುರೂ ಅದೇ ಆಯಿತು. ರಾಜ ಬೇಟೆಗೆ ಹೋದ, ಹೂಂ. ಕುದುರೆ ಮಾತಾಡಿತು, ಹೂಂ. ಅರ್ಥವಾಗದ ಕಡೆ ಇನ್ನೂ ಜೋರಾಗಿ ಹೂಂ. ಅರ್ಥವಾಗಲಿಲ್ಲವೆಂದು ಅಜ್ಜಿಗೆ ಗೊತ್ತಾಗಬಾರದಲ್ಲ! ಹೀಗೆ ಮೂರು ಮಧ್ಯಾಹ್ನ ಕಳೆದವು. ಸ್ವರ ಅಳೆಯಬೇಕಾದ ಜಾಗಗಳಲ್ಲೆಲ್ಲ ನನ್ನ ಹೂಂ ಹೋಗಿ ಕೂತಿತ್ತು.

"ಮುಂದಿನ ವಾರ ಆಕೆ ಟೆಕ್ಸಸ್‌ಗೆ, ಮಗಳ ಮನೆಗೆ ಹೋಗುತ್ತಾಳೆ," ಅಂದರು ಮೇಷ್ಟ್ರು. "ಗುರುವಾರ ಒಂದಾದರೂ ಕಥೆ ಸ್ವಚ್ಛವಾಗಿ ತಾ. ಆಗದಿದ್ದರೆ ಬೇರೆ ಅಸಿಸ್ಟೆಂಟ್ ನೋಡಿಕೊಳ್ಳುತ್ತೇನೆ."

ಮನೆಗೆ ಬಂದು ಗಂಡನಿಗೆ ಹೇಳಿಕೊಂಡರೆ ಅವನು ಬಿದ್ದುಬಿದ್ದು ನಕ್ಕ. "ಮದುವಿ ಆಗಿ ಆರು ವರ್ಷ ಆತು, ನನ್ನ ಮಾತಿಗೆ ಒಂದ್ ಸಲಾನೂ ಹೂಂ ಅಂದಿಲ್ಲ ನೀ!"

ಗುರುವಾರ ತುಟಿ ಕಚ್ಚಿಕೊಂಡು ಕೂತೆ. ಅಜ್ಜಿ ಶುರುಮಾಡಿದಳು, ಒಬ್ಬ ರಾಜ, ಮೂವರು ಮಕ್ಕಳು. ನಿಲ್ಲಿಸಿದಳು. ನಾನು ಜೋರಾಗಿ ತಲೆಯಾಡಿಸಿದೆ. ಅವಳ ಕಣ್ಣಿಗೆ ಕಾಣಬೇಕಲ್ಲ! ಸ್ವಲ್ಪ ಕಾದಳು. ಆಮೇಲೆ, ಕಿರಿಯವನು ಹೋದ, ಗೆದ್ದ, ಬಂದ, ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಿ ಚಹಾ ಮಾಡಲು ಎದ್ದೇಬಿಟ್ಟಳು. ಹಿಂದೆ ಹೇಳಿದಾಗ ಮುಕ್ಕಾಲು ಗಂಟೆ ಹಿಡಿದಿದ್ದ ಕಥೆ ಅದು!

ಸೆರಗು, ಅಲ್ಲ, ಅವಳ ನಿಲುವಂಗಿಯ ತೋಳು ಹಿಡಿದು, ಗೊತ್ತಿದ್ದಷ್ಟು ಉಜ್ಬೆಕ್ಕಿನಲ್ಲಿ ನಿಜ ಒಪ್ಪಿಕೊಂಡೆ. ಈ ಯಂತ್ರಕ್ಕೆ ನಿನ್ನ ದನಿ ಮಾತ್ರ ಬೇಕಂತೆ, ನನ್ನದು ಬಿದ್ದರೆ ನನ್ನ ಓದು ಮುಗಿದ ಹಾಗೆ.

ಅವಳು ಅಂದದ್ದು ಯಾಕೋ ನನಗೆ ನಮ್ಮೂರ ಮಾತಾಗಿಯೇ ನೆನಪಿದೆ. "ಗ್ವಾಡಿಗೆ ಕಥಿ ಹೇಳಾಕ ನಾ ಏನ್ ಹುಚ್ಚಿ ಏನ?"

ಅಂದವಳೇ ನಕ್ಕು, ಕೂತು, ನನ್ನ ಕೈ ಎಳೆದು ತನ್ನ ಅಂಗೈಯಲ್ಲಿಟ್ಟುಕೊಂಡಳು. "ಹೂಂ ಅನ್ನೂ ಕಡೆ ಇಲ್ಲಿ ಒತ್ತು. ತಿಳೀದಿದ್ದಾಗ ಜೋರ್ ಜೋರ್ ಹೂಂ ಅಂತೀಯಲ್ಲ, ಹಂಗ ಒತ್ತಬ್ಯಾಡ ಮತ್ತ. ಕೈ ನೋಯ್ತದ."

ಮುದುಕಿಗೆ ಮೊದಲ ದಿನದಿಂದಲೇ ಗೊತ್ತಿತ್ತು!

ಕಥೆ ಪೂರ್ತಿ ಬಂತು, ಕುದುರೆ, ಬೇಟೆ ಎಲ್ಲ ಸಮೇತ. ಮುಗಿದ ಮೇಲೆ, ಈಗ ನಿನ್ನ ಸರದಿ, ನಿನ್ನ ಭಾಷೆಯಲ್ಲೇ ಹೇಳು ಎಂದಳು. ನಮ್ಮಜ್ಜಿಯ ಕಥೆಯೊಂದನ್ನು ಹೇಳಿದೆ. ಅದನ್ನು ಹೇಳದೆ ಎಷ್ಟೋ ವರ್ಷವಾಗಿತ್ತು, ಹೇಳುತ್ತ ಹೇಳುತ್ತ ರೆಕಾರ್ಡರ್ ಆರಿಸುವುದೇ ಮರೆತುಹೋಯಿತು.

ಮೇಷ್ಟ್ರು ಮುಕ್ಕಾಲು ಗಂಟೆ ಕೇಳಿ ತಲೆದೂಗಿದರು. ಕೆಲಸ ಉಳಿಯಿತು. ಆಮೇಲೆ ಹುಬ್ಬು ಗಂಟಿಕ್ಕಿ ಹೆಡ್‌ಫೋನ್ ನನಗೆ ಕೊಟ್ಟರು. "ಮುಂದಿನದು ಬೇರೆ ಭಾಷೆ. ಅಳಿಸಿಬಿಡಲೇ?"

ಕಿವಿಗಿಟ್ಟುಕೊಂಡೆ. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅಜ್ಜಿ ಹಾ, ಹಾ ಎಂದು ತನ್ನ ಭಾಷೆಯಲ್ಲಿ ಹೂಂಗುಟ್ಟುತ್ತಿದ್ದಳು. ನನಗೆ ಅಳು ಬಂದುಬಿಟ್ಟಿತು. ಬೇಡ, ಇರಲಿ ಅಂದೆ.

ಒಂದು ಮಾತನ್ನೂ ಬಿಟ್ಟಿರಲಿಲ್ಲ ಅವಳು. ಪ್ರತಿಯೊಂದಕ್ಕೂ ಹಾ ಅಂದಿದ್ದಳು, ತುಂಬ ತುಂಬ ಜೋರಾಗಿ.