ಚೆಂಡೆಯವರ ಮನೆಯ ಸದ್ದಿಲ್ಲದ ಹಗಲು

ನನ್ನ ಗಂಡ ಯಕ್ಷಗಾನ ಮೇಳವೊಂದರಲ್ಲಿ ಚೆಂಡೆ ಬಾರಿಸುತ್ತಾರೆ. ದೀಪಾವಳಿ ಕಳೆದು ಮೇಳ ಹೊರಟಿತೆಂದರೆ ಮಳೆ ಹಿಡಿಯುವವರೆಗೆ ಅವರಿಗೆ ಹಗಲೇ ರಾತ್ರಿ. ಬೆಳಿಗ್ಗೆ ಕೊಕ್ಕರ್ಣೆಯಲ್ಲಿ ಬಸ್ಸಿಳಿದು ಬಂದು, ಗಂಜಿ ಉಂಡು, ಚಾವಡಿಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿದರೆ ಏಳುವುದು ಸಂಜೆ ನಾಲ್ಕಕ್ಕೆ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಊರಿಗೆಲ್ಲ ಸದ್ದು ಹಂಚುವ ಮನುಷ್ಯನ ಮನೆಯಲ್ಲಿ ಸದ್ದಿಗೇ ಬರ. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ನಗು ಬರುತ್ತಿತ್ತು. ಆಮೇಲೆ ರೂಢಿಯಾಯಿತು.

ಅತ್ತೆಯೂ ನಾನೂ ಕೈಸನ್ನೆಯಲ್ಲೇ ಸಂಸಾರ ನಡೆಸಿದೆವು. ಐದು ಬೆರಳು ಕೂಡಿಸಿ ಬಾಯಿಗೆ ತಂದರೆ ಊಟ. ಅಂಗೈ ಅಲ್ಲಾಡಿಸಿದರೆ ಮೀನಿನವ ಬಂದ. ತಲೆಯ ಮೇಲೆ ಕೈಯಿಂದ ಸುರಿದಂತೆ ಮಾಡಿದರೆ ಮೀಯಲು ನೀರು ಕಾದಿದೆ. ಬೊಟ್ಟು ತುಟಿಗೆ ಇಟ್ಟರೆ ಸುಮ್ಮನಿರು. ಕುಕ್ಕರ್ ಕೂಗುವ ಮೊದಲೇ ಸೌಟಿನಿಂದ ಸೀಟಿ ಎತ್ತುವುದರಲ್ಲಿ ನಾನು ನಿಸ್ಸೀಮಳಾಗಿದ್ದೆ.

ಇಂಥ ಮನೆಯಲ್ಲಿ ನನ್ನ ಮಗಳು ಹುಟ್ಟಿದಳು. ಆರೇಳು ತಿಂಗಳಿಗೆ ಬಬ್ಬಬ್ಬ ಎನ್ನುತ್ತಿದ್ದಳು. ವರ್ಷ ತುಂಬುವಾಗ ಅದು ನಿಂತಿತ್ತು, ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು, ರಗಳೆಯಿಲ್ಲದ ಕೂಸು ಎಂದು. ನಡೆಯುವ ಮೊದಲೇ ನಮ್ಮ ಸನ್ನೆಗಳೆಲ್ಲ ಅವಳಿಗೆ ಬರುತ್ತಿದ್ದವು. ಎಷ್ಟು ಚುರುಕು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಎರಡು ವರ್ಷವಾದರೂ ಒಂದು ಮಾತಿಲ್ಲ. ಅವಳಿಗಿಂತ ನಾಲ್ಕು ತಿಂಗಳು ಚಿಕ್ಕದಾದ ಪಕ್ಕದ ಮನೆಯ ಮಗು ಕಾಗೆ ತೋರಿಸಿ “ಕಾಕಿ ಬಂತ್” ಎಂದ ದಿನ ನನಗೆ ಮೊದಲ ಸಲ ಭಯವಾಯಿತು. ಅತ್ತೆ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ದಿನಾ ಅವಳ ನಾಲಿಗೆಗೆ ಹಚ್ಚಿದರು. ನಾಲಿಗೆಯದ್ದೇ ತಪ್ಪೆಂದು ನಾವೆಲ್ಲ ನಂಬಿದ್ದೆವು.

“ಕೆಮಿ ಕೇಂತಿಲ್ಯಾ ಏನೋ” ಎಂದು ಕಿವಿಯ ಅನುಮಾನವನ್ನು ಒಂದು ಸಂಜೆ ಗಂಡನ ಹತ್ತಿರ ಹೇಳಿಯೇಬಿಟ್ಟೆ. ಅವರು ಎದ್ದು, ಅಟ್ಟದಿಂದ ಹಳೆಯ ಚೆಂಡೆ ಇಳಿಸಿ, ಅಂಗಳದಲ್ಲಿ ಆಡುತ್ತಿದ್ದ ಅವಳ ಬೆನ್ನ ಹಿಂದೆ ನಿಂತು ಬಾರಿಸಿದರು. ಅವಳು ಗಕ್ಕನೆ ತಿರುಗಿ, ನಕ್ಕು, ಕುಣಿಯತೊಡಗಿದಳು.

“ಕಂಡ್ಯಾ? ಚೆಂಡೆಯವ್ನ ಮಗಳಿಗೆ ಕೆಮಿ ಕೇಂಬುದಿಲ್ಲ ಅಂದ್ರೆ ಹ್ಯಾಂಗೆ?” ಎಂದರು.

ನನಗೆ ಹೋದ ಜೀವ ಬಂದಂತಾಯಿತು. ಆರು ತಿಂಗಳು ಆ ಧೈರ್ಯದಲ್ಲೇ ಕಳೆದೆ. ಭಯವಾದಾಗಲೆಲ್ಲ ಚೆಂಡೆ ಇಳಿಸಿ ನಾನೇ ಒಂದೆರಡು ಪೆಟ್ಟು ಹಾಕುತ್ತಿದ್ದೆ, ಅವಳು ತಿರುಗುತ್ತಿದ್ದಳು, ಸಮಾಧಾನ. ಮರುದಿನ ಮತ್ತೆ ಭಯ.

ಅವಳನ್ನು ಅಂಗನವಾಡಿಗೆ ಕಳಿಸತೊಡಗಿದಾಗ ಅಲ್ಲಿಯ ಟೀಚರು ಹಾಗೇ ಬಿಡಲಿಲ್ಲ. ನನ್ನೆದುರೇ ಮಗುವಿನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ ಹೆಸರು ಹಿಡಿದು ಕರೆದರು. ಒಂದು ಸಲ, ಎರಡು ಸಲ, ಮೂರು ಸಲ. ಅವಳು ಮಣೆಯ ಮೇಲೆ ಮಣೆ ಇಡುತ್ತಲೇ ಇದ್ದಳು.

“ಚೆಂಡೆ ಬಡಿದ್ರೆ ತಿರ್ಗತ್ತ್ ಟೀಚರ್” ಎಂದೆ.

“ಚೆಂಡೆ ಸದ್ದಿಗೆ ನೆಲವೇ ನಡ್ಗತ್ತ್ ಮಾರಾಯ್ತಿ. ಮಾತ್ ಅಷ್ಟ್ ದೊಡ್ಡದಿರತ್ತಾ? ನಾಳೆಯೇ ಆಸ್ಪತ್ರೆಗೆ ಹೋಯ್ನಿ” ಎಂದರು.

ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ ಮೂವರೂ ದೊಡ್ಡಾಸ್ಪತ್ರೆಗೆ ಹೋದೆವು. ಸಿರಪ್ ಕುಡಿಸಿ ಅವಳನ್ನು ನಿದ್ದೆ ಮಾಡಿಸಿ, ಹಣೆಗೂ ಕಿವಿಯ ಹಿಂದೆಯೂ ವಯರು ಅಂಟಿಸಿದರು. ಒಂದೂವರೆ ಗಂಟೆ ನಾನು ಅವಳ ಪಾದ ಹಿಡಿದು ಕೂತಿದ್ದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿಯ ಮುಖ ನೋಡುತ್ತಿದ್ದೆ. ಅವಳ ಮುಖದಲ್ಲಿ ಏನೂ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಎರಡೂ ಕಿವಿ ಮಂದ. ಜೋರು ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಬಹುಶಃ ಹುಟ್ಟಿನಿಂದಲೇ ಇರಬೇಕು ಎಂದರು ಡಾಕ್ಟರು. ಮಾತು ಕಲಿಸುವ ಮೇಡಂ ನಿಧಾನವಾಗಿ ವಿವರಿಸಿದರು: ಮಗು ಮೊದಲು ಕೇಳುತ್ತದೆ, ಮುಖ ನೋಡುತ್ತದೆ, ನಾವು ಉಲಿದರೆ ತಾನೂ ಉಲಿಯುತ್ತದೆ. ತನ್ನ ದನಿ ತನಗೇ ಕೇಳಿಸದಿದ್ದರೆ ಆ ಆಟ ಅಲ್ಲಿಗೇ ನಿಲ್ಲುತ್ತದೆ. ನನಗೆ ನಿಂತುಹೋದ ಬಬ್ಬಬ್ಬ ನೆನಪಾಯಿತು. ನಮ್ಮ ಮನೆಯ ಸನ್ನೆಯ ಕಥೆ ಹೇಳಿ, “ನಮ್ಮಿಂದಲೇ ಹೀಗಾಯಿತಾ?” ಎಂದು ಕೇಳಿದೆ.

“ಕಿವಿ ನಿಮ್ಮಿಂದ ಹೋದದ್ದಲ್ಲ. ಸನ್ನೆಯೂ ಕೆಟ್ಟದ್ದಲ್ಲ, ನಿಮ್ಮ ಮಗುವಿಗೆ ಅಷ್ಟಾದರೂ ಭಾಷೆ ಸಿಕ್ಕಿದೆ. ಆದರೆ ಎಲ್ಲರೂ ಸುಮ್ಮನಿದ್ದ ಮನೆಯಲ್ಲಿ ಅವಳು ಸುಮ್ಮನಿದ್ದದ್ದು ನಿಮಗೆ ಕಾಣಲಿಲ್ಲ” ಎಂದರು.

ವಾಪಸು ಬರುವ ಬಸ್ಸಿನಲ್ಲಿ ಗಂಡ ತಮ್ಮ ಕೈಗಳನ್ನೇ ನೋಡುತ್ತ ಕೂತಿದ್ದರು. ಬ್ರಹ್ಮಾವರ ಬಂದರೂ ಎದ್ದೇಳಲಿಲ್ಲ, ನಾನೇ ತೋಳು ಹಿಡಿದು ಇಳಿಸಿದೆ.

ತಿಂಗಳೊಳಗೆ ಶ್ರವಣಯಂತ್ರ ಬಂತು. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಿ, ಅವಳ ಮುಖಕ್ಕೆ ಮುಖ ಕೊಟ್ಟು ಹೇಳಿ, ಹೇಳಿ ಕಾಯಿರಿ ಎಂದು ಮೇಡಂ ಕಳಿಸಿದ್ದರು. ನಾನೂ ಹೂಂಗುಟ್ಟಿ ಬಂದಿದ್ದೆ. ಮೂರನೆಯ ದಿನ, ಮಧ್ಯಾಹ್ನ, ಅವಳ ಕೈಯಿಂದ ಸ್ಟೀಲ್ ಲೋಟ ಬಿತ್ತು. ಆ ಸದ್ದಿಗೆ ಕಣ್ಣರಳಿಸಿ “ಆಆ” ಎಂದು ಕೂಗಿದಳು. ಗಂಡ ಮಗ್ಗುಲು ಬದಲಿಸಿದರು. ನನ್ನ ಹಾಳು ಬೊಟ್ಟು ತನ್ನಷ್ಟಕ್ಕೇ ನನ್ನ ತುಟಿಗೆ ಹೋಯಿತು.

ಅವಳೂ ತನ್ನ ಬೊಟ್ಟು ತುಟಿಗೆ ಇಟ್ಟುಕೊಂಡಳು. ಸುಮ್ಮನಾದಳು.

ಆ ಬೊಟ್ಟನ್ನು ಕತ್ತಿಗೆ ಕೊಡಬೇಕೆನಿಸಿತು. ಮರುದಿನದಿಂದ ಬಾಯಿ ತುಂಬ ಮಾತಾಡಿದೆ, ಕುಕ್ಕರ್ ಕೂಗಲು ಬಿಟ್ಟೆ. ಅತ್ತೆಯೂ ಅಭ್ಯಾಸವಿಲ್ಲದ ಗಂಟಲಲ್ಲಿ ಬಸಳೆ, ಬದನೆ, ಬೆಕ್ಕು ಎಂದು ಒದರಿದರು. ಗಂಡ ಕಿವಿಗೆ ಹತ್ತಿ ತುರುಕಿ ಚಾವಡಿಯಲ್ಲೇ ಮಲಗಿದರು. ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಗಿ ಎಂದರೆ, “ಬ್ಯಾಡ, ಅದ್ ಕೂಗುದ್ ನಂಗೆ ಕೇಣ್ಕ್” ಎಂದು ಮಗಳ ದನಿಗೆ ಕಾದರು. ಆದರೆ ಅವಳು ಕೂಗಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಕೇಳುತ್ತಿದ್ದಳು, ತಿರುಗುತ್ತಿದ್ದಳು, ಬಾಯಿ ಮಾತ್ರ ಬಿಗಿ. ಆ ಬಾಯಿಯನ್ನು ನಾನೇ ಮುಚ್ಚಿದೆನೇ ಎಂಬ ಹೆದರಿಕೆಯಲ್ಲಿ ಅನ್ನ ಸೇರುತ್ತಿರಲಿಲ್ಲ.

ಪತ್ತನಾಜೆ ಹತ್ತಿರವಾಗಿತ್ತು, ಮೇಳ ತಿರುಗಾಟ ಮುಗಿಸುವ ಹೊತ್ತು. ಸಂಜೆ ನಾಲ್ಕರ ಹೊತ್ತಿಗೆ ಚಹಾ ಸೋಸುತ್ತಿದ್ದೆ. ಗಂಡನನ್ನು ನಾನು ದಿನಾ ಎಬ್ಬಿಸುವುದು ಹ್ವಾಯ್ ಎಂದು ಕರೆದು. ಅಂದು ನನಗಿಂತ ಮೊದಲೇ ಚಾವಡಿಯಿಂದ ಒಂದು ದನಿ ಬಂತು, ಒರಟು, ಅಂಕುಡೊಂಕು.

“ವ್ವಾಯ್.”

ಬಾಗಿಲಿಗೆ ಬಂದು ನಿಂತೆ. ಮಗಳು ಅಪ್ಪನ ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಅವರು ಎಚ್ಚರವಾಗಿದ್ದರು, ಕಿವಿಯ ಹತ್ತಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದದ್ದು ನನಗೆ ಕಂಡಿತು. ಆದರೂ ಕಣ್ಣು ಬಿಗಿಯಾಗಿ ಮುಚ್ಚಿ, ಅಲುಗದೆ ಮಲಗಿದ್ದರು, ಅವಳು ಇನ್ನೊಮ್ಮೆ ಕರೆಯಲಿ ಎಂದು.